ಮಾತಿನ ಮೇಳಕ್ಕೆ ನಾನು ಹಿಡಿದ ಮೈಕು

ನನ್ನ ತಂಗಿಯ ಮೊಮ್ಮಗ ಮಂಡ್ಯದಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ಅಂಗಡಿ ತೆರೆದ ದಿನ ನನ್ನ ಕೈ ಹಿಡಿದುಕೊಂಡು, "ನಾನಾ, ನೀವು ಆಯುಷ್ಯವೆಲ್ಲ ಇದೇ ಕೆಲಸ ಮಾಡಿದೋರು. ನಮ್ಮಂಥ ಹುಡುಗ್ರಿಗೆ ಅಂತ ನಾಕು ಮಾತು ಬರೆದಿಡಿ" ಎಂದ. ಏನು ಬರೆಯಲಿ ಮಣ್ಣು! ಈಗ ಗೋಡೆಗೆ ಪ್ಲಗ್ಗು ಸಿಕ್ಕಿಸಿದರೆ ಸದ್ದು ಬರುತ್ತದೆ. ನಾವು ಲಾರಿಯ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಗದ್ದೆಯ ಬದುವಿನ ಮೇಲೆ ನಡೆದವರು. ಆಸಿಡ್ಡು ಚೆಲ್ಲಿ ನನ್ನ ಅಂಗಿಗಳೆಲ್ಲ ತೂತು. ಹೆಣ್ಣು ನೋಡಲು ಹೋದಾಗ ನನ್ನ ಮಾವ ಆ ತೂತುಗಳನ್ನು ನೋಡಿ, ಈ ಹುಡುಗ ಮೈಮೇಲೆ ಕಿಡಿ ಬೀಳಿಸಿಕೊಂಡು ಬೀಡಿ ಸೇದುತ್ತಾನೆ ಎಂದುಕೊಂಡು ಇನ್ನೇನು ಬೇಡ ಅನ್ನುವುದರಲ್ಲಿದ್ದರಂತೆ.

ಆದರೂ ಬರೆಯುತ್ತೇನೆ. ಎಷ್ಟು ಸಭೆಗೆ ಮೈಕು ಕಟ್ಟಿದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ನಾನು ಮಾಡಿದ ಒಂದು ತಪ್ಪಿದೆ, ಅದನ್ನು ಬರೆಯಬೇಕು. ಅದಕ್ಕೆ ಮುಂಚೆ ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳಬೇಕಾಗುತ್ತದೆ.

ನನ್ನ ಹೆಸರು ಖಾದರ್. ನಮ್ಮಪ್ಪ ಮಂಡ್ಯದಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ನನ್ನನ್ನು ವೆಂಕಟಪ್ಪನವರ ಅಂಗಡಿಗೆ ಸೇರಿಸಿದರು. ವೆಂಕಟಪ್ಪನವರು ಗ್ರಾಮಫೋನು ರಿಪೇರಿ ಮಾಡುತ್ತಿದ್ದವರು, ಬೆಂಗಳೂರಿಗೆ ಹೋಗಿ ಒಂದು ಮೈಕ್‌ಸೆಟ್ಟು ತಂದರು. ಒಂದು ಮೈಕು, ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಸದ್ದು ಹೊರಗೆ ಬಿಡುವ ಕಹಳೆಯಂಥ ಎರಡು ಹಾರನ್ನು, ಒಂದು ಬ್ಯಾಟರಿ. ನಮ್ಮ ಸುತ್ತಿನ ಹಳ್ಳಿಗಳಿಗೆ ಆಗ ಕರೆಂಟು ಬಂದಿರಲಿಲ್ಲ. ಎಲ್ಲ ಆ ಬ್ಯಾಟರಿಯ ಮೇಲೆಯೇ ನಡೆಯಬೇಕು.

ಮಾಲೀಕರು ಮೊದಲ ದಿನವೇ ನನಗೆ ಮೂರು ಮಾತು ಹೇಳಿದ್ದರು. "ನೋಡೋ ಖಾದರ್, ಮೈಕು ದೊಡ್ಡೋರ ಮುಂದಿರಬೇಕು. ಮಾತಾಡೋರ ಬಾಯಿ ಮೈಕಿಂದ ಒಂದು ಮೊಳ ದೂರ ಇರಬೇಕು. ಮೊದಲು ಪ್ಲೇಟು, ಆಮೇಲೆ ಮೈಕು. ಪ್ಲೇಟು ಹಾಕದಿದ್ರೆ ಒಂದು ನಾಯೀನೂ ಬರಲ್ಲ." ಪ್ಲೇಟು ಎಂದರೆ ಗ್ರಾಮಫೋನು ರೆಕಾರ್ಡು, ಅದರ ಹಾಡೂ ಅದೇ ಬ್ಯಾಟರಿಯಿಂದಲೇ ಹಾರನ್ನಿಗೆ ಹೋಗಬೇಕು. ಹಳ್ಳಿಗೆ ಹೋಗಿ ಹಾರನ್ನು ಕಟ್ಟಿದ ಕೂಡಲೇ ಹಾಡಿನ ಪ್ಲೇಟು ಹಾಕುವುದು ಎಲ್ಲ ಮೈಕಿನವರ ಪದ್ಧತಿ. ಹಾಡು ಕೇಳಿ ಜನ ಸೇರುತ್ತಾರೆ, ಸೇರಿದ ಮೇಲೆ ಭಾಷಣವೋ ಭಜನೆಯೋ ನಡೆಯುತ್ತದೆ. ಈ ಮೂರು ಮಾತನ್ನೂ ನಾನು ವೇದವಾಕ್ಯ ಎಂದು ನಂಬಿದ್ದೆ.

ಮೊದಮೊದಲು ನಡೆದದ್ದು ನೆನೆದರೆ ಈಗಲೂ ನಗು. ಮದ್ದೂರಿನ ಹತ್ತಿರ ಒಂದು ಹಳ್ಳಿಯಲ್ಲಿ ಹಾರನ್ನನ್ನು ಎತ್ತಿನ ಗಾಡಿಯ ಮೇಲೆ ಕಟ್ಟಿ, ಎತ್ತುಗಳನ್ನು ನೊಗದಿಂದ ಬಿಚ್ಚದೆ ಪ್ಲೇಟು ಹಾಕಿಬಿಟ್ಟೆ. ತಲೆಯ ಹಿಂದೆಯೇ ಪ್ಲೇಟಿನ ಹೆಣ್ಣುಮಗಳು ರಾಗ ಎಳೆದದ್ದೇ ತಡ, ಎತ್ತುಗಳು ಬಾಲ ಎತ್ತಿಕೊಂಡು ಓಡಿದವು. ಹಾರನ್ನು, ಪೆಟ್ಟಿಗೆ, ನಾನು, ಎಲ್ಲ ಕಬ್ಬಿನ ಗದ್ದೆಯೊಳಗೆ. ಹಾಡು ಮಾತ್ರ ನಿಲ್ಲಲಿಲ್ಲ. ಗಾಡಿಯವನು ಓಡಿ ಬಂದು, "ನಿನ್ ಮನೆ ಆಳಾಗ, ಮೊದ್ಲು ಅವಳ ಬಾಯ್ ಮುಚ್ಸಲಾ!" ಎಂದು ನನ್ನ ಮೇಲೆ ಬಾರುಕೋಲು ಎತ್ತಿದ. ಇನ್ನೊಂದು ಊರಿನಲ್ಲಿ ಹಿರಿಯರೊಬ್ಬರು ಮೈಕಿನ ಮುಂದೆ ಬಂದು ನಿಂತರು, ಅದಕ್ಕೆ ಕೈ ಮುಗಿದರು, ಒಂದು ಮಾತೂ ಆಡದೆ ಹೋಗಿ ಕುಳಿತರು. ಜನ ಚಪ್ಪಾಳೆ ತಟ್ಟಿದರು.

ಮಾತಿನ ಮೇಳವನ್ನು ನಾನು ಕಂಡದ್ದು ಮಳವಳ್ಳಿಯ ಸಂತೆಯಲ್ಲಿ. ಯುದ್ಧ ಶುರುವಾಗಿ ಒಂದು ವರ್ಷ ಆಗಿದ್ದಿರಬೇಕು. ಆಗ ಹಳ್ಳಿಯವರಿಗೆ ಟೀ ಕುಡಿಯುವುದನ್ನು ಕಲಿಸಲೆಂದು ಟೀ ಮಾರುವವರು ಸಂತೆಗಳಿಗೆ ಬಂದು ಬಿಟ್ಟಿ ಟೀ ಕೊಡುತ್ತಿದ್ದರು. ಅವರಿಗೆ ನಮ್ಮ ಮೈಕು. ನಾನು ಪ್ಲೇಟು ಹಾಕಿ, "ಬನ್ನಿ, ಬಿಸಿ ಬಿಸಿ ಟೀ, ದುಡ್ಡು ಬೇಡ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೇನೆ, ಮುಂದೆ ನಾಲ್ಕು ಜನರಿಲ್ಲ. ಸಂತೆಯ ಜನವೆಲ್ಲ ಆ ಕಡೆ ಹುಣಸೆಮರದ ಕೆಳಗೆ ಮುತ್ತಿಕೊಂಡಿದೆ. ಬಿಟ್ಟಿ ಟೀಯನ್ನೂ ಬಿಟ್ಟು ಹೋಗುವಂಥದ್ದು ಅಲ್ಲೇನಪ್ಪ ಇದೆ ಎಂದು ನನಗೆ ಸಿಟ್ಟು ಬಂತು. ಹೋಗಿ ನುಗ್ಗಿದೆ.

ಅಲ್ಲಿ ಮೂವರು ಇದ್ದರು. ಮದುವೆ ಬ್ಯಾಂಡಿನ ಮಾಸಿದ ಕೆಂಪು ಕೋಟು ಹಾಕಿಕೊಂಡ ಒಬ್ಬ ಕ್ಲಾರಿನೆಟ್ಟು ಊದುತ್ತಿದ್ದ. ಕಲಾಯಿ ಹಾಕುವ ಸಾಬರೊಬ್ಬರು ದೊಡ್ಡ ತಾಮ್ರದ ಹಂಡೆಯನ್ನು ಬೋರಲು ಹಾಕಿ ಬೆರಳುಗಳಲ್ಲಿ ಬಾರಿಸುತ್ತಿದ್ದರು. ನಡುವೆ ನಲವತ್ತೈದು ದಾಟಿದ ಹೆಂಗಸು ನಿಂತಿದ್ದಳು. ಅವಳು ಹಾಡುತ್ತಿರಲಿಲ್ಲ, ಮಾತಾಡುತ್ತಿದ್ದಳು. ಮನೆಯ ಜಗಲಿಯಲ್ಲಿ ಕುಳಿತು ಪಕ್ಕದವಳ ಹತ್ತಿರ ಆಡುವ ಹಾಗೆ ಮೆಲ್ಲಗೆ ಆಡುವ ಮಾತು. ಆದರೆ ಆ ಮಾತು ಹಂಡೆಯ ಪೆಟ್ಟಿಗೆ ಸರಿಯಾಗಿ ಬೀಳುತ್ತಿತ್ತು. ಅವಳು ಉಸಿರು ತೆಗೆದುಕೊಂಡ ಜಾಗದಲ್ಲಿ ಕ್ಲಾರಿನೆಟ್ಟು ಒಳಗೆ ಬಂದು, ಮತ್ತೆ ಜಾಗ ಬಿಟ್ಟು ಸರಿಯುತ್ತಿತ್ತು.

ಪಕ್ಕದಲ್ಲಿದ್ದ ಒಬ್ಬನನ್ನು ಕೇಳಿದೆ. "ಏನಣ್ಣ ಇದು, ಹರಿಕಥೇನಾ?"

"ಅಲ್ಲ ಕಣ್ಲಾ."

"ಲಾವಣಿನಾ? ತತ್ವಪದಾನಾ?"

"ಯಾವ್ದೂ ಅಲ್ಲ ಕಣ್ಲಾ. ಮಾತಿನ್ ಮ್ಯಾಳ ಅಂತಾರೆ. ಸುಮ್ಕೆ ನಿಂತ್ಕಂಡು ಕೇಳ್ಲಾ, ತಲೆ ತಿನ್ಬ್ಯಾಡ."

ನಿಂತು ಕೇಳಿದೆ. ಅವಳು ಆವತ್ತು ಆಡಿದ್ದು ನನಗೆ ಈಗಲೂ ಬಾಯಿಗಿದೆ:

"ಕಬ್ಬಿನ ಗರಿ ಕುಯ್ದ ಕೈಗೆ
ಬೆಲ್ಲ ಮುಟ್ಟುದ್ರೂ ಉರೀತದೆ ಕಣಕ್ಕಾ.
ಸೀ ಅಂತ ನೆಕ್ಕಾಕೆ ಓದೆ,
ಮೊದ್ಲು ನನ್ ರಕ್ತದ್ ರುಚಿನೇ ಸಿಕ್ತು."

ನನ್ನ ಎದುರಿಗಿದ್ದ ಹೆಂಗಸರು ತಮ್ಮ ತಮ್ಮ ಅಂಗೈ ನೋಡಿಕೊಂಡರು. ಅಷ್ಟರಲ್ಲಿ ಹಿಂದಿನ ಸಾಲಿನವರು, "ಕೇಳುಸ್ತಿಲ್ಲ, ಗಟ್ಟಿಯಾಗ್ ಏಳವ್ವ" ಎಂದು ಕೂಗಿದರು. ಅವಳು ಆ ಕಡೆ ತಿರುಗಿ, "ಗಟ್ಟಿಯಾಗ್ ಏಳುದ್ರೆ ಅದು ಬೇರೆ ಮಾತಾಯ್ತದೆ ಕಣಪ್ಪ. ನೀವೇ ಅತ್ರುಕ್ ಬನ್ನಿ" ಎಂದಳು. ನನ್ನ ತಲೆಗೆ ಆಗಲೇ ಹೊಳೆಯಿತು. ಟೀಯವರ ಹತ್ತಿರ ಒಂದು ಮಾತೂ ಕೇಳದೆ ಮೈಕು, ಪೆಟ್ಟಿಗೆ, ಬ್ಯಾಟರಿ ಎಲ್ಲವನ್ನೂ ಹುಣಸೆಮರದ ಕೆಳಗೆ ತಂದಿಟ್ಟೆ.

ಮಾಲೀಕರು ಹೇಳಿದ ಹಾಗೆ ಒಂದು ಮೊಳ ದೂರ ನಿಲ್ಲಿಸಿದೆ. ಏನೂ ಕೇಳಿಸಲಿಲ್ಲ. "ಅಕ್ಕ, ಇನ್ನೂ ಹತ್ತಿರ ಬನ್ನಿ" ಎಂದೆ. ಗೇಣುದ್ದ ಬಂದಳು. ಇನ್ನೂ ಹತ್ತಿರ ಎಂದೆ. ತುಟಿ ಮೈಕಿಗೆ ತಾಗಿತು. ಅವಳು ಗಾಬರಿಯಿಂದ, "ಇದು ಕಚ್ಚಾಕಿಲ್ವಾ?" ಎಂದು ಪಿಸುಗುಟ್ಟಿದಳು. ಆ ಪಿಸುಮಾತು ಇಡೀ ಸಂತೆಗೆ ಕೇಳಿಸಿತು. ಬದನೆಕಾಯಿ ಮಾರುವವನು ಅಲ್ಲಿಂದಲೇ, "ಇಲ್ಲ ಕಣವ್ವ, ಎದರ್ಕಬ್ಯಾಡ" ಎಂದು ಕೂಗಿದ. ಸಂತೆಗೆ ಸಂತೆಯೇ ನಕ್ಕಿತು, ಆಮೇಲೆ ಸುಮ್ಮನಾಯಿತು. ಮಳವಳ್ಳಿ ಸಂತೆ ಸುಮ್ಮನಾದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಹುಡುಗರೇ, ಮೈಕನ್ನು ಬಾಯಿಗೆ ಹತ್ತಿರ ಹಿಡಿಯುವುದು ನಿಮಗೆ ಇವತ್ತು ಏನೂ ಅಲ್ಲ. ನಾನು ಅದನ್ನು ಕಲಿತದ್ದು ಆ ಮರದ ಕೆಳಗೆ. ದೊಡ್ಡೋರ ಮುಂದೆ ಮೈಕು ಎಂಬ ಮೊದಲನೆಯ ಮಾತು ಮತ್ತು ಒಂದು ಮೊಳ ದೂರ ಎಂಬ ಎರಡನೆಯ ಮಾತು, ಎರಡೂ ಅಲ್ಲಿಗೆ ಮುಗಿದವು. ಮೂರನೆಯದನ್ನೂ ಅವತ್ತೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ಹೆಂಗಸಿನ ಹೆಸರು ದೇವಮ್ಮ. ಮದ್ದೂರಿನ ಹತ್ತಿರದ ಹಳ್ಳಿಯವಳು, ಕಬ್ಬು ಕಡಿಯುವ ಕೂಲಿ. ಗಂಡ ತೀರಿಹೋಗಿದ್ದ. ಕ್ಲಾರಿನೆಟ್ಟಿನವನು ಅವಳ ತಮ್ಮ ಪುಟ್ಟಸ್ವಾಮಿ. ಕಲಾಯಿ ಹುಸೇನಣ್ಣ ಅದೇ ಊರಿಗೆ ಪಾತ್ರೆ ಬೆಳಗಲು ಬಂದು, ಅವಳ ಮಾತು ಕೇಳಿ, ಅಲ್ಲಿಯೇ ಉಳಿದುಕೊಂಡವರು. ಪೆಟ್ಟಿಗೆ ಕಟ್ಟಿಕೊಂಡು ಮಂಡ್ಯಕ್ಕೆ ವಾಪಸು ಬಂದಾಗ ಟೀಯವರ ದೂರು ನನಗಿಂತ ಮುಂಚೆ ಬಂದು ಕುಳಿತಿತ್ತು. ಮಾಲೀಕರು ಕಿವಿ ಹಿಂಡಿದರು. "ಹಾಡಲ್ಲ, ಹರಿಕಥೆ ಅಲ್ಲ, ನಾಟಕ ಅಲ್ಲ. ಬೀದೀಲಿ ಮಾತಾಡೋ ಹೆಂಗಸಿಗೆ ನನ್ನ ಮೈಕು ಹಿಡಿದ್ಯಾ? ಏನು ಅಂತ ಕರೀತೀಯೋ ಅದನ್ನ?"

"ನೀವೇ ಒಂದ್ಸಲ ಬಂದು ಕೇಳಿ ಸ್ವಾಮಿ, ಆಮೇಲೆ ನೀವೇ ಒಂದು ಹೆಸರು ಇಡಿ" ಎಂದೆ. ಬಂದರು. ಮದ್ದೂರಿನಲ್ಲಿ ಒಂದು ಮಧ್ಯಾಹ್ನ ಮರದ ನೆರಳಲ್ಲಿ ಕುಳಿತು ಕೇಳಿದರು. ಮಂಡ್ಯ ಬಂದ ಮೇಲೆ, "ನಮ್ಮಮ್ಮ ಹೀಗೇ ಮಾತಾಡೋಳು ಕಣೋ" ಎಂದಷ್ಟೇ ಹೇಳಿ ಮನೆಗೆ ಹೋದರು. ಅಂದಿನಿಂದ ಬೇರೆ ಕೆಲಸವಿಲ್ಲದ ದಿನ ಮೈಕ್‌ಸೆಟ್ಟು ಮೇಳದ ಜೊತೆ ಹೋಗಬಹುದು ಎಂದಾಯಿತು.

ಎರಡು ಮೂರು ವರ್ಷ ಅವರ ಜೊತೆ ತಿರುಗಿದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು, ಮೈಕಿನ ಬ್ಯಾಟರಿ ಮಾತ್ರ ಸೀಟಿನ ಮೇಲೆ ದೊರೆಯ ಹಾಗೆ ಕುಳಿತಿರುತ್ತಿತ್ತು. ಒಂದು ಸಲ ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಕೆಳಗೆ ಮೇಳ ನಡೆಯುತ್ತಿತ್ತು. ಮೇಲೆ ಕೊಕ್ಕರೆಗಳು ಕೊಕ್ಕು ಕಟಕಟ ಬಡಿಯುವುದನ್ನು ಮೈಕು ಎಳೆದುಕೊಂಡು ಹಾರನ್ನಿನಲ್ಲಿ ಬಿಡುತ್ತಿತ್ತು. ದೇವಮ್ಮಕ್ಕ ಮಾತು ನಿಲ್ಲಿಸಿ ಮೇಲೆ ನೋಡಿ, "ನೀವು ಆಡ್ಕಳ್ರವ್ವ ಮೊದ್ಲು, ನಾ ಕಾಯ್ತೀನಿ" ಎಂದಳು. ಹುಸೇನಣ್ಣ ಹಂಡೆಯ ಮೇಲೆ ಅದೇ ಕಟಕಟವನ್ನು ನುಡಿಸಿದರು, ಪುಟ್ಟಸ್ವಾಮಿ ಅದರ ಸುತ್ತ ಕ್ಲಾರಿನೆಟ್ಟು ಸುತ್ತಿದ. ಆಮೇಲೆ ಅವಳು ಶುರು ಮಾಡಿದ್ದು ಗೂಡಿನ ಮಾತು. ಆವತ್ತು ನಾವೆಲ್ಲ ಎಷ್ಟು ಸಂತೋಷವಾಗಿದ್ದೆವು ಎಂದರೆ, ಊರಿಗೆ ಹೋಗುವ ಬಸ್ಸು ತಪ್ಪಿದ್ದಕ್ಕೂ ನಕ್ಕೆವು.

ಅವಳ ದನಿ ಒಡೆಯಲು ಶುರುವಾದದ್ದು ಅದಾದ ಮೇಲೆ. ಮೊದಲು ನೆಗಡಿ ಎಂದುಕೊಂಡೆವು. ಮೆಣಸಿನ ಕಷಾಯ ಆಯಿತು, ಹರಕೆ ಆಯಿತು. ಕೊನೆಗೆ ಪುಟ್ಟಸ್ವಾಮಿಯೂ ನಾನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಂಟಲೊಳಗೆ ನೋಡಿ, ನನ್ನನ್ನು ಹೊರಗೆ ಕರೆದು, ಒಳಗೆ ಗೆಡ್ಡೆಯಿದೆ, ದನಿ ಇನ್ನು ಕೆಲವು ವಾರ ಇದ್ದರೆ ಹೆಚ್ಚು ಎಂದರು. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ನಾನು ನಿಂತಿದ್ದರೆ, ಅವಳೇ ಹೊರಗೆ ಬಂದು, "ಎಷ್ಟು ದಿನ ಅಂದ್ರಪ್ಪ ಡಾಕ್ಟ್ರು?" ಎಂದಳು.

ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅವಳು ಒಂದು ವಿಷಯ ಹೇಳಿದಳು. ಅಲ್ಲಿಯವರೆಗೂ ನಮ್ಮ ಯಾರ ಹತ್ತಿರವೂ ಹೇಳಿರಲಿಲ್ಲ, ತಮ್ಮನಿಗೆ ಮಾತ್ರ ಗೊತ್ತಿತ್ತು.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹೆಣದ ಮುಂದೆ ಕುಳಿತು, ಸತ್ತವರ ಬಾಳನ್ನೆಲ್ಲ ಮಾತಿನಲ್ಲಿ ಕಟ್ಟಿ ಹೇಳುತ್ತ ಅಳುತ್ತಾರೆ. ದೇವಮ್ಮಕ್ಕ ಅದರಲ್ಲಿ ಹೆಸರಾದವಳು. ಸುತ್ತ ಎಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರು. ಅವಳಿಗೆ ಒಬ್ಬಳೇ ಮಗಳು, ಚಿಕ್ಕತಾಯಿ. ವೈದ್ಯನಾಥಪುರದ ಪಕ್ಕದ ಒಂದು ಹಳ್ಳಿಗೆ, ಅನುಕೂಲವಾದ ಮನೆಗೆ ಮದುವೆ ಮಾಡಿಕೊಟ್ಟಿದ್ದಳು. ಆ ಊರಿನ ಹೆಸರು ಇಲ್ಲಿ ಬೇಡ. ಚೊಚ್ಚಲ ಹೆರಿಗೆಗೆ ಮಗಳನ್ನು ಕಳಿಸಿಕೊಡಿ ಎಂದು ಕೇಳಲು ಹೋದರೆ ಬೀಗಿತ್ತಿ ಬಾಗಿಲಲ್ಲೇ ನಿಲ್ಲಿಸಿ, "ಎಣದ್ ಮುಂದೆ ಕೂರೋಳ ಕೈಲಿ ಬಾಣಂತನ ಬ್ಯಾಡ" ಎಂದಳಂತೆ. ಚಿಕ್ಕತಾಯಿ ಅಲ್ಲಿಯೇ ಹೆಣ್ಣು ಮಗು ಹೆತ್ತಳು, ಮೂರನೆಯ ದಿನ ತೀರಿಹೋದಳು. ತಾಯಿಗೆ ಹೇಳಿ ಕಳಿಸಿದ್ದು ಮಣ್ಣು ಮಾಡಿದ ಮೇಲೆ.

"ಊರೋರ್ಗೆಲ್ಲ ಅತ್ತೆ ಕಣಪ್ಪ. ನನ್ ಮಗಳ ಮುಂದೆ ಆಡೋ ಮಾತು ಬಾಯಲ್ಲೇ ಉಳ್ಕಂಡದೆ" ಎಂದಳು. "ಅವತ್ತಿಂದ ಸಾವಿನ್ ಮನೆಗೆ ಓಗಿಲ್ಲ. ಒಳಗೇ ಕುದ್ದು ಕುದ್ದು ಬ್ಯಾರೆ ಬ್ಯಾರೆ ಮಾತಾಗಿ ಸಂತೇಲಿ ಬಂತು. ಆ ಮಾತು ಮಾತ್ರ ಬಂದಿಲ್ಲ. ಇಷ್ಟು ವರ್ಸ ಕಟ್ಟಿವ್ನಿ ಅದ್ನ."

ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಆ ಮನೆ ಒಸ್ಲು ನಾನು ದಾಟಾಂಗಿಲ್ಲ. ಅಳ್ಳದ್ ಈಚೆ ಕಣದಾಗೆ ನಿಂತ್ಕಂಡು ಆಡುದ್ರೆ, ನಿನ್ ಕೊಳವೆ ಆ ಮನೆ ಜಗ್ಲಿಗಂಟ ಮುಟ್ಟುಸ್ತದಾ? ಅಲ್ಲಿ ನನ್ ಮೊಮ್ಮಗಳು ಅವ್ಳೆ. ಏಳು ವರ್ಸ ಆಗದೆ. ಅವ್ವ ಅಂದ್ರೆ ಯಾರು ಅಂತ ಅವಳಿಗೆ ಒಬ್ರಾದ್ರೂ ಏಳಿರ್ತಾರಾ?"

"ಮುಟ್ಟುಸ್ತೀನಿ ಅಕ್ಕ. ನನ್ನ ಮೇಲೆ ಬಿಡಿ" ಎಂದೆ. ಅವಳ ಕೈ ಹಿಡಿದು ಹೇಳಿದೆ.

ಮಾಲೀಕರಿಗೆ ಹೇಳಿದಾಗ ಕೂಡಲೇ ಒಪ್ಪಿದರು. ಆದರೆ ಬ್ಯಾಟರಿ ಹಳೆಯದಾಗಿತ್ತು. ಯುದ್ಧದ ದೆಸೆಯಿಂದ ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ. ಮಂಡ್ಯದಲ್ಲಿ ಚಾರ್ಜು ಮಾಡಿಸಿ ನನ್ನ ಕೈಗೆ ಕೊಡುವಾಗ, "ಎರಡು ಗಂಟೆ, ಅಷ್ಟೇ ಕಣೋ. ಅದರ ಮೇಲೆ ತಡೆಯಲ್ಲ. ಜೋಪಾನ" ಎಂದರು. ಅವರು ಹೇಳಿದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ನಾನು ಯಾವತ್ತೂ ಸುಳ್ಳು ಹೇಳಿಲ್ಲ.

ಹೊತ್ತು ಇಳಿಯುವ ಮುಂಚೆ ಆ ಕಣದಲ್ಲಿ ಹಾರನ್ನು ಕಟ್ಟಿದೆ. ಎರಡನ್ನೂ ಹೊಂಗೆಮರಕ್ಕೆ ಏರಿಸಿ, ಹಳ್ಳದ ಆಚೆ ಕಾಣುತ್ತಿದ್ದ ಹೆಂಚಿನ ಮನೆಗೆ ನೇರ ಹಿಡಿದೆ. ದೇವಮ್ಮಕ್ಕ ಒಂದು ಕಡೆ ಕುಳಿತು ಬಿಸಿನೀರು ಗುಟುಕರಿಸುತ್ತಿದ್ದಳು. ದನಿ ಉಳಿಯಲೆಂದು ಬೆಳಗಿನಿಂದ ಯಾರ ಜೊತೆಯೂ ಮಾತಾಡಿರಲಿಲ್ಲ. ಊರಿನಲ್ಲಿ ಇನ್ನೂ ಯಾರೂ ಹೊರಗೆ ಕಾಣಲಿಲ್ಲ. ನಾನು ಪದ್ಧತಿಯಂತೆ ಪ್ಲೇಟು ಹಾಕಿದೆ.

ಆ ಹಳ್ಳಿ ಅದೇ ಮೊದಲು ಹಾರನ್ನಿನ ಹಾಡು ಕೇಳಿದ್ದು. ಜನ ಗದ್ದೆಯಿಂದ ಓಡಿ ಬಂದರು. ಒಂದು ಮುಗಿದರೆ "ಇನ್ನೊಂದು ಆಕ್ಲಾ" ಎಂದರು, ಹಾಕಿದೆ. ಪುಟ್ಟಸ್ವಾಮಿ ಬಂದು, "ಸಾಕು ಕಣಯ್ಯ, ಅಕ್ಕನ್ನ ನಿಲ್ಲುಸು" ಎಂದ. "ತಡಿ, ಆ ಮನೆಯವರು ಇನ್ನೂ ಹೊರಗೆ ಬಂದಿಲ್ಲ. ಕಿವಿ ಈ ಕಡೆ ಬರಲಿ" ಎಂದೆ. ನನ್ನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಜನ "ಭೇಷ್ ಸಾಬಿ" ಎಂದದ್ದಕ್ಕೆ ಉಬ್ಬಿಯೂ ಇದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಹೀಗೆ ಪ್ಲೇಟಿನ ಮೇಲೆ ಪ್ಲೇಟು ತಿರುಗಿತು. ಇನ್ನೇನು ನಿಲ್ಲಿಸಬೇಕು, ಅಷ್ಟರಲ್ಲಿ ಹಳ್ಳ ದಾಟಿಕೊಂಡು ಆ ಮನೆಯ ಆಳು ಬಂದ. "ಸಾಬ್ರೇ, ನಮ್ ಗೌಡ್ರ ಮನೇಲಿ ಇನ್ನೊಂದ್ ಪ್ಲೇಟ್ ಆಕ್ಬೇಕಂತೆ. ಎಲ್ಲಾ ಜಗ್ಲಿ ಮ್ಯಾಲೆ ಕುಂತು ಕೇಳ್ತಾವ್ರೆ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಾವ ಮನೆ ಇವಳಿಗೆ ಬಾಗಿಲು ಹಾಕಿತ್ತೋ ಆ ಮನೆ ತಾನೇ ಕೇಳಿ ಕಳಿಸಿದೆ! ದೇವಮ್ಮಕ್ಕನ ಕಡೆ ನೋಡಿದೆ. ಅವಳು ಎದ್ದು ನಿಂತು ಆ ಜಗಲಿಯನ್ನೇ ನೋಡುತ್ತಿದ್ದಳು. ಹಾಕಿದೆ. ಅದು ಮುಗಿದ ಮೇಲೆ, ಆ ಮನೆಯವರು ಎದ್ದು ಹೋಗದಿರಲಿ ಎಂದು ನಾನಾಗಿಯೇ ಇನ್ನೂ ಒಂದು ಹಾಕಿದೆ.

ಆಮೇಲೆ ಮೈಕು ಅವಳ ತುಟಿಗೆ ತಂದಿಟ್ಟೆ. ಹುಸೇನಣ್ಣ ಹಂಡೆಯ ಮೇಲೆ ಒಂದೇ ಬೆರಳಿನಲ್ಲಿ ಮೆಲ್ಲಗೆ ತಟ್ಟಿದರು. ಅವಳ ದನಿ ಒಡೆದಿತ್ತು, ಆದರೂ ಹಾರನ್ನಿನಲ್ಲಿ ಅಚ್ಚುಕಟ್ಟಾಗಿ ಬಂತು:

"ಬಾಗ್ಲು ತಗೀ ಅನ್ನಾಕೆ ಬಂದಿಲ್ಲ ಕಣವ್ವ,
ಬಾಗ್ಲಾಚೆ ನಿಂತೇ ಏಳ್ತೀನಿ.
ನಿನ್ ತಲೆ ಬಾಚ್ತಿದ್ದ ಬಾಚ್ಣಿಗೆ ನನ್ ತಾವೇ ಅದೆ,
ಒಂದ್ ಕೂದ್ಲು ಇನ್ನೂ ಅದ್ರಲ್ಲೇ ಅದೆ..."

ನಾಲ್ಕನೆಯ ಸಾಲಿಗೆ ಹಾರನ್ನು ಕುಗ್ಗಿತು. ಗೊರಗೊರ ಎಂದಿತು, ನಿಂತಿತು.

ನಾನು ಪೆಟ್ಟಿಗೆಯೊಳಗೆ ತಲೆ ಹಾಕಿದೆ. ತಂತಿ ಕಿತ್ತೆ, ಉಜ್ಜಿದೆ, ಸಿಕ್ಕಿಸಿದೆ. ವಾಲ್ವು ಅಲುಗಿಸಿದೆ. ಬ್ಯಾಟರಿ ಸತ್ತಿದೆ ಎಂದು ಗೊತ್ತಿದ್ದರೂ ಕೈ ನಿಲ್ಲಲಿಲ್ಲ. ಯಾ ಅಲ್ಲಾ, ಇನ್ನೊಂದು ಹತ್ತು ನಿಮಿಷ, ಹತ್ತೇ ನಿಮಿಷ ಎನ್ನುತ್ತಿದ್ದೆ. ಹುಸೇನಣ್ಣ ನನ್ನನ್ನು ಎರಡು ಸಲ ಕರೆದರಂತೆ. ನಾನು ತಲೆ ಎತ್ತಿದಾಗ ಹಂಡೆ ನಿಂತಿತ್ತು. ಎದುರಿಗೆ ಕುಳಿತಿದ್ದ ಏಳೆಂಟು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಹಾರನ್ನು ನಿಂತರೂ ಅವಳು ನಿಂತಿರಲಿಲ್ಲ. ಅಷ್ಟು ವರ್ಷ ಕಟ್ಟಿದ್ದನ್ನು ಕೊನೆಯವರೆಗೂ ಆಡಿ ಮುಗಿಸಿದ್ದಳು. ನಾನು ಅವಳಿಂದ ಎರಡು ಮಾರು ದೂರದಲ್ಲಿದ್ದೆ, ನನಗೆ ಒಂದು ಮಾತೂ ಕೇಳಿಸಲಿಲ್ಲ. ಹಳ್ಳದ ಆಚೆ ಜಗಲಿಯ ಮೇಲೆ ಯಾರೂ ಇರಲಿಲ್ಲ. ಹಾಡು ಮುಗಿಯಿತೆಂದು ಎದ್ದು ಒಳಗೆ ಹೋಗಿದ್ದರು.

ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಆಗ್ಲಿ ಬುಡು ಮಗ, ನನ್ ಬಾಯಿಂದಂತೂ ಆಚ್ಗೆ ಬಂತಲ್ಲ" ಎಂದು ನನ್ನ ತಲೆ ಸವರಿದಳು. ನಾನು ಆ ಕಣದಲ್ಲಿ ಕುಳಿತು ಅತ್ತೆ.

ಮಾಲೀಕರು ಬಯ್ಯುತ್ತಾರೆ ಎಂದುಕೊಂಡೆ. ಅವರೂ ಬಯ್ಯಲಿಲ್ಲ. ಯಾರನ್ನೋ ಕಾಡಿ ಬೇಡಿ ಇನ್ನೊಂದು ಬ್ಯಾಟರಿ ತಂದು, ತುಂಬ ಚಾರ್ಜು ಮಾಡಿಸಿ, "ಹೋಗೋ, ಪ್ಲೇಟುಗಳನ್ನ ಇಲ್ಲೇ ಇಟ್ಟು ಹೋಗು" ಎಂದರು. ಎಂಟು ದಿನ ಕಳೆದಿತ್ತು. ಮತ್ತೆ ಆ ಕಣಕ್ಕೆ ಕರೆದುಕೊಂಡು ಹೋಗಲೆಂದು ದೇವಮ್ಮಕ್ಕನ ಮನೆಗೆ ಹೋದೆ. ಅವಳು ಚಾಪೆಯ ಮೇಲೆ ಎದ್ದು ಕುಳಿತಳು. ಮೈಕು ಕೈಗೆ ಕೊಟ್ಟೆ. ತುಟಿಗೆ ತಾಗಿಸಿಕೊಂಡಳು. ತುಟಿ ಅಲ್ಲಾಡಿತು. ಹಟ್ಟಿಯಲ್ಲಿಟ್ಟಿದ್ದ ಹಾರನ್ನಿನಲ್ಲಿ ಬಂದದ್ದು ಬರೀ ಉಸಿರು. ಬೀದಿಯಲ್ಲಿ ಹೋಗುತ್ತಿದ್ದವರು ಇದೇನು ಸದ್ದು ಎಂದು ನಿಂತರು. ಅವಳು ಎರಡು ಸಲ ತಲೆಯಾಡಿಸಿ ಮೈಕನ್ನು ನನ್ನ ಕೈಗೆ ವಾಪಸು ಕೊಟ್ಟಳು.

ಯುದ್ಧ ಮುಗಿಯುವುದಕ್ಕೆ ಮುಂಚೆಯೇ ತೀರಿಹೋದಳು. ಅವಳ ಮುಂದೆ ಮಾತು ಕಟ್ಟಿ ಅಳಲು ಆ ಸುತ್ತಿನಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಪುಟ್ಟಸ್ವಾಮಿ ಒಂದಿಷ್ಟು ಹೊತ್ತು ಊದಿದ, ಅಷ್ಟೆ.

ಅವಳು ಆ ಕಣದಲ್ಲಿ ಆಡಿದ್ದೇನು ಎಂದು ನಾನು ಎಲ್ಲರನ್ನೂ ಕೇಳಿದೆ. ಪುಟ್ಟಸ್ವಾಮಿ, "ಅಕ್ಕನ ಮಾತು ನಾನು ಯಾವತ್ತು ಕೇಳಿಸ್ಕಂಡಿದ್ದೆ? ಅವಳ ಉಸ್ರು ನೋಡ್ಕಂಡು ಊದ್ತಿದ್ದೆ" ಎಂದ. ಹುಸೇನಣ್ಣನಿಗೆ ಪೆಟ್ಟುಗಳು ಮಾತ್ರ ನೆನಪಿದ್ದವು. ನೆಲದ ಮೇಲೆ ಬಾರಿಸಿ ತೋರಿಸಿದರು. ಮುಂದೆ ಕುಳಿತಿದ್ದ ಹೆಂಗಸರಲ್ಲಿ ಒಬ್ಬಳು ತೊಟ್ಟಿಲ ವಿಷಯ ಎಂದಳು, ಇನ್ನೊಬ್ಬಳು ನೀರು ಸೇದುವ ವಿಷಯ ಎಂದಳು. ಒಬ್ಬೊಬ್ಬರಿಗೂ ಅವರವರ ಮಗಳೇ ನೆನಪಾಗಿದ್ದಳು.

ಸ್ವಾತಂತ್ರ್ಯ ಬಂದ ದಿನ ಮಂಡ್ಯದಲ್ಲಿ ನನ್ನದೇ ಮೈಕು. ಮಾತಾಡಿದವರೆಲ್ಲ ಕೂಗಿದರು. ಸಂತೋಷದ ಕೂಗು, ನಾನು ತಪ್ಪು ಹೇಳುವುದಿಲ್ಲ. ಆದರೆ ಆವತ್ತು ನಾನು ಒಂದು ಪ್ಲೇಟನ್ನೂ ಹಾಕಲಿಲ್ಲ. ಯಾಕೋ ಎಂದು ಯಾರೋ ಕೇಳಿದಾಗ ಮಾಲೀಕರೇ, "ಅವನು ಮಾತಿಗೆ ಮುಂಚೆ ಹಾಕಲ್ಲ, ಬಿಡಿ" ಎಂದರು. ಕೆಲಸ ಬಿಡುವವರೆಗೂ ಹಾಕಲಿಲ್ಲ.

ನಿವೃತ್ತನಾದ ಮೇಲೆ, ಒಂದು ಬೆಳಿಗ್ಗೆ ಸ್ಕೂಲ್ ಮೇಡಂ ಒಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ಕನ್ನಡಕ, ನರೆತ ಕೂದಲು. "ಮೈಕ್‌ಸೆಟ್ ಖಾದರ್ ಸಾಹೇಬರು ನೀವೇ ಅಲ್ವಾ? ನಾನು ಚಿಕ್ಕತಾಯಿಯ ಮಗಳು" ಎಂದರು. ನನಗೆ ಕುರ್ಚಿ ಕೊಡಬೇಕೆಂಬುದೂ ಮರೆತುಹೋಯಿತು. ಅವರ ಅಜ್ಜಿಯ ವಿಷಯ ಯಾರೋ ಇತ್ತೀಚೆಗೆ ಹೇಳಿದ್ದರಂತೆ. ಆವತ್ತು ಅಜ್ಜಿ ಏನು ಆಡಿದರು ಎಂದು ಕೇಳಿದರು. ನನ್ನ ಹತ್ತಿರ ಇದ್ದದ್ದು ನಾಲ್ಕು ಸಾಲು. ಹೇಳಿದೆ. ಅಷ್ಟಕ್ಕೇ ಹಾರನ್ನು ನಿಂತುಹೋಯಿತು ಎಂದೆ. ಅವರು ಬರೆದುಕೊಂಡರು.

"ಆ ಬಾಚಣಿಗೆ ಏನಾಯ್ತು?" ಎಂದರು.

"ಗೊತ್ತಿಲ್ಲಮ್ಮ" ಎಂದೆ.

ಅವರು ನಕ್ಕರು. "ಆ ದಿನ ನನಗೆ ಚೆನ್ನಾಗಿ ನೆನಪಿದೆ ಸಾಹೇಬ್ರೇ. ನಮ್ಮೂರಲ್ಲಿ ಅದೇ ಮೊದಲ ಸಲ ಹಾಡು ಕೇಳಿದ್ದು. ನಾನು ಜಗಲಿ ಮೇಲೆ ಕುಣಿತಾ ಇದ್ದೆ. ಇನ್ನೊಂದು ಪ್ಲೇಟು ಹಾಕ್ಸಪ್ಪ ಅಂತ ಹಟ ಮಾಡಿ ಆಳನ್ನ ಕಳ್ಸಿದ್ದೇ ನಾನು. ಅಜ್ಜಿ ಅಲ್ಲೇ ಇದ್ರಂತೆ, ಪಾಪ. ನಾನು ಕುಣಿದಿದ್ದನ್ನ ನೋಡಿರ್ತಾರಾ?"

"ನೋಡಿದರಮ್ಮ. ಎದ್ದು ನಿಂತು ನೋಡಿದರು" ಎಂದೆ. ಅದು ನಿಜ. ಹಾರನ್ನು ಯಾಕೆ ನಿಂತಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಷೀನು ಕೆಟ್ಟಿತು ಎಂದುಕೊಂಡೇ ಹೋದರು.

ಹುಡುಗರೇ, ನಿಮಗೆ ಹೇಳಬೇಕಾದದ್ದು ಇಷ್ಟೇ. ಇದ್ದ ಬ್ಯಾಟರಿಯನ್ನು ಮೊದಲು ಮಾತಿಗೆ ಕೊಡಿ, ಉಳಿದರೆ ಹಾಡಿಗೆ. ಮಷೀನು ಸತ್ತರೆ ತಂತಿ ಬಿಟ್ಟು ತಲೆ ಎತ್ತಿ ಕೇಳಿ.

ಮೇಡಂ, ನೀವು ಇದನ್ನು ಓದಿದರೆ ಬ್ಯಾಟರಿ ಯಾವ ಪ್ಲೇಟಿಗೆ ಮುಗಿಯಿತು ಎಂದು ಲೆಕ್ಕ ಹಾಕುತ್ತೀರಿ, ಓದಿದವರು ನೀವು. ಹಾಕಬೇಡಿ. ಏಳು ವರ್ಷದ ಮಗು ಕೇಳಿದ್ದು ಒಂದೇ ಪ್ಲೇಟು. ಅದಕ್ಕೆ ಮುಂಚೆ ಅಷ್ಟು ಹಾಕಿದ್ದವನು ನಾನು, ಅದಾದ ಮೇಲೆ ಯಾರೂ ಕೇಳದೆ ಇನ್ನೊಂದು ಹಾಕಿದವನೂ ನಾನೇ.